ಅಕ್ಕಿ, ಎಣ್ಣೆ, ತೆಂಗಿನಕಾಯಿ ಹೊರುವ ಅಸ್ತರಿನ ಕೈಚೀಲ: ಹಿಡಿಕೆ ಕಿತ್ತು ಬರದಂತೆ ಹೊಲಿಯುವುದು ಹೇಗೆ?

ನೂಲೆಳೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ರವಿಕೆ, ಲಂಗ, ದಿಂಬಿನ ಗವಸುಗಳನ್ನು ಹೊಲಿಯುವುದರಲ್ಲಿ ನನ್ನ ಕೈ ಪಳಗಿದೆ. ಆದರೆ ಸಂತೆಯ ಭಾರ ಹೊರುವ ಚೀಲವನ್ನು ಎರಡು ಸಲ ಹೊಲಿದೆ, ಎರಡೂ ಸಲ ಅದು ಉಳಿಯಲಿಲ್ಲ. ಮೊದಲನೆಯದನ್ನು ಪರದೆಗೆ ಬಳಸುವ ಕೇಸ್‌ಮೆಂಟ್ ಬಟ್ಟೆಯಲ್ಲಿ ಹೊಲಿದಿದ್ದೆ; ಅದು ಆರು ತಿಂಗಳಲ್ಲಿ ತಳದಲ್ಲಿ ಸವೆದುಹೋಯಿತು. ಎರಡನೆಯದಕ್ಕೆ ದಪ್ಪ ಕ್ಯಾನ್ವಾಸ್ ತಂದು, ಒಳಗೆ ಹಳೆಯ ಹತ್ತಿ ಸೀರೆಯ ಅಸ್ತರು ಕೊಟ್ಟು, ಹಿಡಿಕೆಗಳನ್ನೂ ಅದೇ ಕ್ಯಾನ್ವಾಸಿನಿಂದ ಮಡಿಸಿ ಹೊಲಿದೆ. ಕಳೆದ ವಾರ 5 ಕಿಲೋ ಅಕ್ಕಿ, 2 ಲೀಟರ್ ಎಣ್ಣೆ ಮತ್ತು ಮೂರು ತೆಂಗಿನಕಾಯಿಗಳನ್ನು ಇಟ್ಟುಕೊಂಡು ಬಸ್ಸು ಹತ್ತುವಾಗ ಒಂದು ಹಿಡಿಕೆಯ ಬುಡ ಹರಿದು ಕೈಗೆ ಬಂದಿತು. ನನಗೆ ಆಶ್ಚರ್ಯವಾದದ್ದು ಹರಿದ ರೀತಿಯಿಂದ. ಹೊಲಿಗೆ ಒಂದಿಷ್ಟೂ ಬಿಚ್ಚಿರಲಿಲ್ಲ. ಹೊಲಿಗೆಯ ಸುತ್ತಲಿನ ಕ್ಯಾನ್ವಾಸೇ ಚೌಕಾಕಾರವಾಗಿ, ಕತ್ತರಿಯಿಂದ ಕತ್ತರಿಸಿದಂತೆ ಕಿತ್ತು ಬಂದಿತ್ತು. ಗಟ್ಟಿಯಾಗಿರಲಿ ಎಂದು ಅಲ್ಲಿ ಅತಿ ಸಣ್ಣ ಹೊಲಿಗೆ ಇಟ್ಟು ಒಂದರ ಮೇಲೊಂದರಂತೆ ನಾಲ್ಕು ಸುತ್ತು ಹೊಡೆದಿದ್ದೆ.

ಇನ್ನೊಂದು ತೊಂದರೆ ಅಸ್ತರಿನದು. ಅದು ಒಳಗೆ ಸಡಿಲವಾಗಿ ಉಬ್ಬಿಕೊಳ್ಳುತ್ತದೆ, ಕೀಲಿಕೈ ತೆಗೆಯಲು ಹೋದರೆ ಅಸ್ತರೇ ಕೈಯೊಂದಿಗೆ ಮೇಲೆ ಬರುತ್ತದೆ. ನನ್ನ ಬಳಿ ಇರುವುದು ನಮ್ಮ ಅತ್ತೆಯವರ ಕಾಲದ, ಕಾಲಿನಿಂದ ತುಳಿಯುವ ಉಷಾ ಮೆಷಿನ್. ಇದಕ್ಕಿಂತ ದಪ್ಪ ಬಟ್ಟೆಯನ್ನು ತರಬೇಕೇ, ಅಥವಾ ನಾನು ಹೊಲಿಯುವ ಕ್ರಮದಲ್ಲಿಯೇ ತಪ್ಪಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕಾಗಿ ವಿನಂತಿ.

ಕತ್ತರಿಕೈ (ಹುಬ್ಬಳ್ಳಿ)

ತಂಗಿ, ದಪ್ಪ ಬಟ್ಟೆ ತರಲು ಹೋಗಬೇಡಿ. ನಿಮ್ಮ ಬಟ್ಟೆಯಲ್ಲಿ ದೋಷವಿಲ್ಲ. ನಾನು ಮೂವತ್ತು ವರ್ಷ ದರ್ಜಿಯ ಅಂಗಡಿ ನಡೆಸಿದವನು. ಅಂಗಿ, ಪ್ಯಾಂಟುಗಳ ಜೊತೆಗೆ ಶಾಲೆಯ ಚೀಲ, ಗಿರಣಿಗೆ ಒಯ್ಯುವ ಹಿಟ್ಟಿನ ಚೀಲ ಎಲ್ಲವನ್ನೂ ಹೊಲಿದು ಕೊಟ್ಟಿದ್ದೇನೆ. ನೀವು ಹೇಳಿದಂತೆ ಹೊಲಿಗೆ ಉಳಿದು ಬಟ್ಟೆ ಹರಿದಿದೆ ಎಂದರೆ ಸೂಜಿಯೇ ಬಟ್ಟೆಯನ್ನು ಕಡಿದಿದೆ ಎಂದರ್ಥ. ಅಂಚೆಚೀಟಿಯ ಹಾಳೆಯಲ್ಲಿ ಸಾಲಾಗಿ ತೂತು ಹೊಡೆದಿರುವುದರಿಂದಲೇ ಅದು ಆ ಗೆರೆಯಲ್ಲಿ ಸಲೀಸಾಗಿ ಹರಿಯುತ್ತದೆ. ಒಂದು ಮಿಲಿಮೀಟರಿನ ಹೊಲಿಗೆಯೆಂದರೆ ಒಂದು ಇಂಚಿಗೆ 25 ತೂತುಗಳು. ಅದೇ ಗೆರೆಯ ಮೇಲೆ ನಾಲ್ಕು ಸುತ್ತು ಹೊಡೆದರೆ ಸುಮಾರು ನೂರು ತೂತುಗಳಾಗುತ್ತವೆ. ಅಷ್ಟು ಚುಚ್ಚಿದ ಮೇಲೆ ಯಾವ ಕ್ಯಾನ್ವಾಸೂ ನಿಲ್ಲುವುದಿಲ್ಲ. ಭಾರ ಹೊರುವ ಜಾಗದಲ್ಲಿ ಹೊಲಿಗೆ ಮೂರು ಮಿಲಿಮೀಟರ್ ಇರಲಿ, ಅಂದರೆ ಇಂಚಿಗೆ ಎಂಟರಷ್ಟು. ಎರಡು ಸಾಲು ಬೇಕೆಂದರೆ ಒಂದರ ಮೇಲೊಂದು ಹೊಡೆಯದೆ ಅರೆಕಾಲು ಇಂಚು ದೂರದಲ್ಲಿ ಹೊಡೆಯಬೇಕು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಿಮ್ಮ ಚೀಲದಲ್ಲಿದ್ದದ್ದು ಎಂಟು ಕಿಲೋಗಿಂತ ಹೆಚ್ಚಿನ ಭಾರ. ಎರಡು ಹಿಡಿಕೆಗಳಿಗೆ ನಾಲ್ಕು ಬುಡಗಳು, ಆದ್ದರಿಂದ ಸುಮ್ಮನೆ ಹಿಡಿದು ನಿಂತಾಗ ಒಂದೊಂದು ಬುಡಕ್ಕೆ ಎರಡು ಕಿಲೋ ಬೀಳುತ್ತದೆ. ಬಸ್ಸು ಹತ್ತುವಾಗ ಒಂದು ಹಿಡಿಕೆ ಕೈಯಿಂದ ಜಾರಿದರೆ ಉಳಿದ ಎರಡು ಬುಡಗಳ ಮೇಲೆ ನಾಲ್ಕು ನಾಲ್ಕು ಕಿಲೋ ಬೀಳುತ್ತದೆ, ಜೊತೆಗೆ ಕುಲುಕಾಟದ ಜಗ್ಗುವಿಕೆ ಬೇರೆ. ಈ ಎಲ್ಲ ಭಾರವನ್ನು ನೀವು ಬಾಯಂಚಿನ ಹತ್ತಿರ ಎರಡು ಇಂಚಿನ ಒಂದು ಚೌಕಕ್ಕೆ ಹೊರಿಸಿದ್ದೀರಿ. ಹಿಡಿಕೆಯನ್ನು ಅಲ್ಲಿಗೆ ನಿಲ್ಲಿಸದೆ ಚೀಲದ ಮೈಮೇಲೆ ಕೆಳಗೆ ಇಳಿಸಿ, ತಳದ ಅಡಿಯಿಂದ ಹಾಯಿಸಿ, ಹಿಂಬದಿಯಲ್ಲಿ ಮೇಲಕ್ಕೆ ತಂದು, ಅದೇ ಪಟ್ಟಿಯನ್ನು ಹಿಂದಿನ ಹಿಡಿಕೆಯಾಗಿಸಬೇಕು. ಆಗ ಅಕ್ಕಿಯ ಭಾರ ಪಟ್ಟಿಯ ಮೇಲೆಯೇ ಕುಳಿತಿರುತ್ತದೆ. ಬಟ್ಟೆಯ ಕೆಲಸ ವಸ್ತುಗಳನ್ನು ಒಳಗೆ ಹಿಡಿದಿಡುವುದಷ್ಟೇ ಆಗುತ್ತದೆ. ಹಿಡಿಕೆಗೆ ಬಟ್ಟೆ ಮಡಿಸುವ ಬದಲು ನವಾರದ ಪಟ್ಟಿಯನ್ನು ತಂದುಬಿಡಿ. ನಮ್ಮ ಕಡೆ ಮಂಚಕ್ಕೆ ಹೆಣೆಯುತ್ತಿದ್ದ ಅದೇ ಜಾತಿಯ ನೆಯ್ಗೆ. ಮನುಷ್ಯರ ಭಾರವನ್ನೇ ಹೊತ್ತದ್ದು.

ಸೂಜಿಮೊನೆ (ಮೈಸೂರು)

ಕತ್ತರಿಕೈಯವರು ಹೇಳಿದ್ದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹೊಲಿಗೆ ತರಗತಿಯಲ್ಲಿ ಇದೇ ಚೀಲವನ್ನು ಕಲಿಸುವುದರಿಂದ ಅಳತೆಗಳನ್ನು ನಾನು ಕೊಡುತ್ತೇನೆ. ಸಿದ್ಧವಾದ ಚೀಲ 14 ಇಂಚು ಅಗಲ, 15 ಇಂಚು ಎತ್ತರ, 5 ಇಂಚು ತಳದ ಆಳ ಎಂದು ಇಟ್ಟುಕೊಳ್ಳೋಣ. ಎರಡು ತುಂಡುಗಳನ್ನು ತಳದಲ್ಲಿ ಜೋಡಿಸುವುದಕ್ಕಿಂತ ಒಂದೇ ಉದ್ದನೆಯ ತುಂಡನ್ನು ಮಡಿಸುವುದು ಮೇಲು, ಏಕೆಂದರೆ ಅತಿ ಹೆಚ್ಚು ಭಾರ ಬೀಳುವ ತಳದ ನಡುವೆ ಆಗ ಜೋಡಣೆಯೇ ಇರುವುದಿಲ್ಲ. ತುಂಡಿನ ಅಗಲ 14 ಮತ್ತು 5 ಸೇರಿ 19, ಎರಡೂ ಬದಿಗೆ ಅರ್ಧರ್ಧ ಇಂಚು ಮಾರ್ಜಿನ್ ಸೇರಿ 20 ಇಂಚು. ಉದ್ದ ಎರಡು ಸಲ 15, ತಳಕ್ಕೆ 5, ಎರಡೂ ತುದಿಗಳಿಗೆ ಅರ್ಧರ್ಧ ಇಂಚು ಸೇರಿ 36 ಇಂಚು. ಈ 36 ಇಂಚು ಬಟ್ಟೆಯ ಹಾಸಿನ ಎಳೆಗಳ ಉದ್ದಕ್ಕೆ, ಅಂದರೆ ಥಾನಿನ ಅಂಚಿಗೆ ಸಮಾನಾಂತರವಾಗಿ ಬರಲಿ. ಭಾರದಿಂದ ಜಗ್ಗಿಕೊಳ್ಳುವುದು ಅಡ್ಡ ಎಳೆಗಳಾದ ಹೊಕ್ಕಿಗಿಂತ ಹಾಸಿನಲ್ಲಿ ಕಡಿಮೆ. 44 ಇಂಚು ಪನ್ನದ, ಅಂದರೆ ಅಷ್ಟು ಅಗಲದ, ಒಂದು ಮೀಟರ್ ಬಟ್ಟೆಯಲ್ಲಿ ಇಂಥ ಎರಡು ತುಂಡುಗಳು ಬರುತ್ತವೆ. ಕ್ಯಾನ್ವಾಸಿನ ತೂಕ ಚದರ ಮೀಟರಿಗೆ 340 ಗ್ರಾಂ, ಅಂದರೆ ಅಂಗಡಿಯವರು 10 ಔನ್ಸ್ ಎನ್ನುವುದು, ಸಾಕು. ಅದಕ್ಕಿಂತ ದಪ್ಪವಾದರೆ ಮನೆಯ ಮೆಷಿನ್ ಬಾಯಂಚಿನ ಮಡಿಕೆಗಳಲ್ಲಿ ಒದ್ದಾಡುತ್ತದೆ.

ಮೊದಲು ತಳದ ಬಲವರ್ಧನೆ. 20 ಇಂಚು ಅಗಲ, 10 ಇಂಚು ಉದ್ದದ ಇನ್ನೊಂದು ಕ್ಯಾನ್ವಾಸ್ ತುಂಡನ್ನು ತೆಗೆದುಕೊಂಡು, ಅದರ ಎರಡು ಉದ್ದನೆಯ ಅಂಚುಗಳನ್ನು ಅರ್ಧರ್ಧ ಇಂಚು ಒಳಗೆ ಮಡಿಸಿ, ದೊಡ್ಡ ತುಂಡಿನ ನಟ್ಟನಡುವೆ ಹೊರಮೈ ಮೇಲೆ ಇಟ್ಟು ಅಂಚಿನಲ್ಲಿ ಹೊಲಿಯಬೇಕು. ಚೀಲ ಸಿದ್ಧವಾದಾಗ ಇದು ಐದು ಇಂಚಿನ ತಳವನ್ನೂ, ಮುಂದೆ ಹಿಂದೆ ಎರಡೆರಡು ಇಂಚು ಮೈಯನ್ನೂ ಮುಚ್ಚುತ್ತದೆ. ಸಿಮೆಂಟು ನೆಲದ ಮೇಲೆ, ಬಸ್ಸಿನ ಹಲಗೆಯ ಮೇಲೆ ಇಟ್ಟಾಗ ಸವೆಯುವುದು ಈ ಭಾಗವೇ.

ಅದರ ಮೇಲೆ ನವಾರ. ತುಂಡಿನ ಉದ್ದನೆಯ ಅಂಚುಗಳಿಂದ 6½ ಇಂಚು ಒಳಗೆ ಎರಡು ಗೆರೆ ಎಳೆದುಕೊಳ್ಳಿ. ನವಾರದ ನಡುಭಾಗ ಆ ಗೆರೆಗಳ ಮೇಲೆ ಬರಬೇಕು. ಹೆಗಲಿಗೆ ಹಾಕುವ ಚೀಲವಾದರೆ ಒಂದೊಂದು ಹಿಡಿಕೆಗೆ 24 ಇಂಚು, ಕೈಯಲ್ಲಿ ಹಿಡಿಯುವುದಾದರೆ 13 ಅಥವಾ 14 ಇಂಚು ಬಿಡಿ. ಹೆಗಲಿನ ಚೀಲಕ್ಕೆ ಲೆಕ್ಕ ಹೀಗೆ: ಮೈಮೇಲೆ 35 ಇಂಚಿನ ಎರಡು ಸಾಲು, 24 ಇಂಚಿನ ಎರಡು ಹಿಡಿಕೆ, ತುದಿಗಳು ಒಂದರ ಮೇಲೊಂದು ಕೂರಲು ಎರಡು ಇಂಚು, ಒಟ್ಟು 120 ಇಂಚು. ಮೂರೂಕಾಲು ಮೀಟರ್ ಕೊಂಡರೆ ಕೊರತೆ ಬರುವುದಿಲ್ಲ. ತುದಿಗಳ ಜೋಡಣೆ ತಳದ ಅಡಿಯಲ್ಲಿ ಬರುವಂತೆ ಅಲ್ಲಿಂದಲೇ ಹೊಲಿಯಲು ಆರಂಭಿಸಿ. ಪಟ್ಟಿಯ ಎರಡೂ ಅಂಚುಗಳ ಮೇಲೆ ಹೊಲಿಗೆ ಓಡಿಸಿ, ಬಾಯಂಚಿನಿಂದ ಎರಡು ಇಂಚು ಕೆಳಗೆ ನಿಲ್ಲಿಸಿಬಿಡಿ. ಆ ಎರಡು ಇಂಚು ಅಸ್ತರು ಸೇರಿಸುವಾಗ ಕೈಗೆ ಸಡಿಲವಾಗಿ ಬೇಕಾಗುತ್ತದೆ. ಅಸ್ತರು ಕೂತ ಮೇಲೆ ಉಳಿದ ಭಾಗವನ್ನು ಬಾಯಂಚಿನವರೆಗೆ ಚೌಕ ಹೊಡೆದು, ಒಳಗೆ ಅಡ್ಡಡ್ಡ ಎರಡು ಗೆರೆ ಹೊಲಿದು ಮುಗಿಸಬೇಕು. ಪಟ್ಟಿ ಎಲ್ಲಿಯೂ ತಿರುಚಿಕೊಂಡಿಲ್ಲ ಎಂಬುದನ್ನು ಹೊಲಿಯುವ ಮೊದಲು ಒಮ್ಮೆ ಪೂರ್ತಿ ಸುತ್ತು ಬೆರಳಾಡಿಸಿ ನೋಡಿ. ಪ್ರತಿ ಸಲವೂ ತರಗತಿಯಲ್ಲಿ ಒಬ್ಬರಾದರೂ ಇದನ್ನು ಮರೆತು ಇಡೀ ಸಾಲನ್ನು ಬಿಚ್ಚಬೇಕಾಗುತ್ತದೆ.

ಬದಿ ಹೊಲಿಗೆಗಳಾದ ಮೇಲೆ ತಳದ ಮೂಲೆ. ಚೀಲವನ್ನು ಉಲ್ಟಾ ಮಾಡಿ, ಬದಿ ಹೊಲಿಗೆಯ ಗೆರೆ ತಳದ ನಡುಗೆರೆಯ ಮೇಲೆ ಸರಿಯಾಗಿ ಕೂರುವಂತೆ ಮೂಲೆಯನ್ನು ಚಪ್ಪಟೆ ಮಾಡಿದರೆ ಒಂದು ತ್ರಿಕೋನ ಸಿಗುತ್ತದೆ. ಅದರ ತುದಿಯಿಂದ 2½ ಇಂಚು ಕೆಳಗೆ ಅಡ್ಡಗೆರೆ ಎಳೆದರೆ ಆ ಗೆರೆಯ ಉದ್ದ ಸರಿಯಾಗಿ 5 ಇಂಚು ಬರಬೇಕು. ಅಳೆಯಬೇಕಾದದ್ದು ಹೊಲಿಗೆ ಮುಗಿದ ತುದಿಯಿಂದ, ಬಟ್ಟೆಯ ಹಸಿ ಅಂಚಿನಿಂದಲ್ಲ. ಈ ಗೆರೆಯ ಮೇಲೆ ಎರಡು ಸಾಲು ಹೊಲಿಯಿರಿ, ತ್ರಿಕೋನವನ್ನು ಕತ್ತರಿಸದೆ ಹಾಗೆಯೇ ಬಿಡಿ. ಅದರ ಉಪಯೋಗ ಅಸ್ತರಿನ ವಿಷಯ ಬಂದಾಗ ಹೇಳುತ್ತೇನೆ.

ನೂಲೆಳೆ (ದಾವಣಗೆರೆ)

ಇಬ್ಬರಿಗೂ ಅನಂತ ವಂದನೆಗಳು. ಹರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಕತ್ತರಿಕೈ ಅಣ್ಣನವರು ಹೇಳಿದಂತೆಯೇ ಹೊಲಿಗೆಯ ಗೆರೆಯುದ್ದಕ್ಕೂ ಎಳೆಗಳು ತುಂಡಾಗಿವೆ. ನವಾರದಲ್ಲಿ ಹತ್ತಿಯದು, ನೈಲಾನಿನದು ಎಂದು ಎರಡು ಬಗೆ ತೋರಿಸುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ?

ಕತ್ತರಿಕೈ (ಹುಬ್ಬಳ್ಳಿ)

ಒಂದೂಕಾಲು ಇಂಚು ಅಗಲದ ಹತ್ತಿ ನವಾರ ತೆಗೆದುಕೊಳ್ಳಿ. ನೈಲಾನಿನದು ಬಲದಲ್ಲಿ ಕಡಿಮೆಯಲ್ಲ, ಆದರೆ ನುಣುಪಾದ್ದರಿಂದ ಹೆಗಲಿನಿಂದ ಜಾರುತ್ತದೆ, ಭಾರವಿದ್ದಾಗ ಅಂಗೈಯನ್ನು ಕೊಯ್ಯುತ್ತದೆ. ನೈಲಾನೇ ಸಿಕ್ಕಿದರೆ ಕತ್ತರಿಸಿದ ತುದಿಯನ್ನು ಮೇಣದಬತ್ತಿಯ ಉರಿಗೆ ಕ್ಷಣಕಾಲ ತೋರಿಸಿದರೆ ಎಳೆ ಬಿಚ್ಚುವುದಿಲ್ಲ. ಹತ್ತಿಗೆ ಉರಿ ತೋರಿಸಬಾರದು, ತುದಿಯನ್ನು ಮಡಿಸಿ ಹೊಲಿಯಬೇಕು. ದಾರ ಮಾತ್ರ ಪಾಲಿಯೆಸ್ಟರ್ ಇರಲಿ. ರವಿಕೆಗೆ ಬಳಸುವ ತೆಳುವಾದ ಹತ್ತಿ ದಾರ ಚೀಲಕ್ಕೆ ಸಲ್ಲದು; ಎರಡೂ ಕೈಗಳಲ್ಲಿ ಹಿಡಿದು ಒಮ್ಮೆ ಜಗ್ಗಿ ನೋಡಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಮಳೆನಾಡು (ಸಾಗರ)

ಒಂದು ಮುಖ್ಯವಾದ ಸಂಗತಿಯನ್ನು ಯಾರೂ ಇನ್ನೂ ಎತ್ತಲಿಲ್ಲ. ಕತ್ತರಿಸುವ ಮೊದಲು ಕ್ಯಾನ್ವಾಸ್, ಅಸ್ತರು, ನವಾರ ಮೂರನ್ನೂ ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು. ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ನಾನು ಹೊಲಿದ ಮೊದಲ ಚೀಲದಲ್ಲಿ ಕೋರಾ ಕ್ಯಾನ್ವಾಸನ್ನು ಹಾಗೆಯೇ ಬಳಸಿದ್ದೆ. ಮೊದಲ ಒಗೆತದಲ್ಲಿ ಗಂಜಿ ಬಿಟ್ಟು ಹೊರಮೈ ಕುಗ್ಗಿತು, ಮೊದಲೇ ಒಗೆದಿದ್ದ ಅಸ್ತರು ಕುಗ್ಗಲಿಲ್ಲ. ಆ ಮೇಲೆ ಒಳಗೆ ಉಂಟಾದ ಸುಕ್ಕು ಎಷ್ಟು ಇಸ್ತ್ರಿ ಹಾಕಿದರೂ ಹೋಗಲಿಲ್ಲ. ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡದೆ ನೀರು ಇಳಿಯಲು ಬಿಟ್ಟು, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿದರೆ ಬಟ್ಟೆ ಸಪಾಟಾಗಿ ಕೂರುತ್ತದೆ. ಕೆಂಪು, ಕಡುನೀಲಿ ಅಸ್ತರು ಹಾಕುವವರು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒಮ್ಮೆ ಉಜ್ಜಿ ನೋಡಿ. ಬಣ್ಣ ಬಿಡುವಂತಿದ್ದರೆ ಕೋರಾ ಕ್ಯಾನ್ವಾಸಿನ ಜೊತೆ ಅದನ್ನು ಬಳಸಬೇಡಿ.

ನಮ್ಮ ಕಡೆಯ ಇನ್ನೊಂದು ಕಷ್ಟವೆಂದರೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಪ್ಪ ಕ್ಯಾನ್ವಾಸ್ ಚೀಲ ಒಮ್ಮೆ ನೆನೆದರೆ ಎರಡು ದಿನವಾದರೂ ಒಣಗುವುದಿಲ್ಲ, ಎರಡು ಪದರಗಳ ನಡುವೆ ತೇವ ಉಳಿದು ಬೂಸ್ಟಿನ ಕಪ್ಪು ಚುಕ್ಕೆಗಳು ಮೂಡುತ್ತವೆ. ಹಾಗಾಗಿ ಅಸ್ತರನ್ನು ತಳಕ್ಕೆ ಹೊಲಿಯಬಾರದು, ಒಣಗಿಸುವಾಗ ಹೊರಗೆ ಎಳೆದು ನೇತುಹಾಕಲು ಬರಬೇಕು ಎಂಬುದು ನನ್ನ ಅಭಿಪ್ರಾಯ. ಅಸ್ತರು ಎಲ್ಲ ಕಡೆಯೂ ಹೊರಮೈಗಿಂತ ಸ್ವಲ್ಪ ಚಿಕ್ಕದಾಗಿದ್ದರೆ ಅದು ಉಬ್ಬುವುದೂ ಇಲ್ಲ.

ಸೂಜಿಮೊನೆ (ಮೈಸೂರು)

ನೆನೆಸುವ ವಿಷಯದಲ್ಲಿ ತಮ್ಮ ಮಾತು ನೂರಕ್ಕೆ ನೂರು ಸರಿ. ನಾನು ಮೊದಲೇ ಹೇಳಬೇಕಿತ್ತು. ಆದರೆ ಅಸ್ತರು ಎಲ್ಲ ಕಡೆಯೂ ಚಿಕ್ಕದಿರಬೇಕು ಎಂಬುದನ್ನು ಒಪ್ಪಲಾರೆ. ಅಗಲದಲ್ಲಿ ಚಿಕ್ಕದಿರಬೇಕು, ಎತ್ತರದಲ್ಲಿ ಇರಬಾರದು. ಅಸ್ತರಿನ ತಳ ಹೊರಚೀಲದ ತಳಕ್ಕಿಂತ ಕಾಲು ಇಂಚು ಮೇಲೆ ನಿಂತಿತು ಎಂದುಕೊಳ್ಳಿ. ಆಗ ಅಕ್ಕಿ ಕುಳಿತಿರುವುದು ಅಸ್ತರಿನ ಮೇಲೆ. ಅದರ ಕೆಳಗೆ ಕ್ಯಾನ್ವಾಸೂ ನವಾರವೂ ಬರಿದೇ ಇವೆ. ಎಂಟು ಕಿಲೋ ಭಾರ ಆ ತೆಳು ಬಟ್ಟೆಯಿಂದ, ಅದನ್ನು ಬಾಯಂಚಿಗೆ ಹಿಡಿದಿರುವ ಒಂದೇ ಸಾಲು ಹೊಲಿಗೆಯಿಂದ ತೂಗುತ್ತಿರುತ್ತದೆ. ಹಿಡಿಕೆಯನ್ನು ತಳದಿಂದ ಹಾಯಿಸಿದ ಶ್ರಮವೆಲ್ಲ ಆಗ ವ್ಯರ್ಥ. ಆದ್ದರಿಂದ ಅಸ್ತರನ್ನೂ 20 ಮತ್ತು 36 ಇಂಚಿಗೇ ಕತ್ತರಿಸಿ, ಬದಿ ಹೊಲಿಗೆಯನ್ನು ಮಾತ್ರ ಅರ್ಧ ಇಂಚಿನ ಬದಲು ಅದರ ಮೇಲೆ ಇನ್ನೊಂದು ಅರೆಕಾಲು ಇಂಚು ಒಳಗೆ ತೆಗೆದುಕೊಳ್ಳಿ. ಸುತ್ತಳತೆಯಲ್ಲಿ ಅರ್ಧ ಇಂಚು ಕಡಿಮೆಯಾಗುತ್ತದೆ, ಉಬ್ಬು ಹೋಗುತ್ತದೆ, ತಳ ಮಾತ್ರ ತಳದ ಮೇಲೆಯೇ ಕೂರುತ್ತದೆ.

ಕೈಯೊಂದಿಗೆ ಮೇಲೆ ಬರುವ ತೊಂದರೆಗೆ ಆಗ ಉಳಿಸಿಕೊಂಡ ತ್ರಿಕೋನಗಳು ಬೇಕು. ಹೊರಚೀಲದ ಮೂಲೆಯ ತ್ರಿಕೋನವನ್ನೂ ಅಸ್ತರಿನ ಮೂಲೆಯ ತ್ರಿಕೋನವನ್ನೂ ಒಂದಕ್ಕೊಂದು ತಾಗಿಸಿ, ಕೈಸೂಜಿಯಿಂದ ನಾಲ್ಕೈದು ಟಾಕಾ ಹಾಕಿದರೆ ಸಾಕು. ತಮ್ಮ ಮಳೆಗಾಲದ ಮಾತಿಗೂ ಇದರಲ್ಲಿ ಉತ್ತರವಿದೆ: ಅಲ್ಲಿಯವರು ಈ ಟಾಕಾಗಳನ್ನು ಹಾಕದೆ ಬಿಡಬಹುದು.

ಅಸ್ತರಿಗೆ ತಿಳಿಬಣ್ಣದ ಪಾಪ್ಲಿನ್ ಒಳ್ಳೆಯದು. ಕಪ್ಪು ಅಸ್ತರಿನ ಚೀಲದಲ್ಲಿ ಕಪ್ಪು ಪರ್ಸು ಹುಡುಕುವುದು ಕಷ್ಟ. ಹಳೆಯ ಸೀರೆಯ ಬಟ್ಟೆ ಮೃದುವಾಗಿರುತ್ತದೆ ನಿಜ, ಆದರೆ ಮಡಿಕೆಯ ಗೆರೆಗಳಲ್ಲಿ ಅದು ಆಗಲೇ ಸವೆದಿರುತ್ತದೆ. ಒಳಜೇಬನ್ನು ಅಸ್ತರು ಇನ್ನೂ ಚಪ್ಪಟೆಯಾಗಿರುವಾಗಲೇ ಕೂರಿಸಿಕೊಳ್ಳಿ.

ಮಳೆನಾಡು (ಸಾಗರ)

ಎತ್ತರದ ಬಗ್ಗೆ ತಾವು ಹೇಳಿದ ಕಾರಣವನ್ನು ನಾನು ಯೋಚಿಸಿರಲಿಲ್ಲ. ಮನೆಯಲ್ಲಿರುವ ನನ್ನ ಚೀಲದಲ್ಲಿ ಒಂದು ತೆಂಗಿನಕಾಯಿ ಇಟ್ಟು, ಕೆಳಗಿನಿಂದ ಕೈಯಿಟ್ಟು ನೋಡಿದೆ. ಹೊರಗಿನ ತಳ ಸಡಿಲವಾಗಿ ಜೋತಾಡುತ್ತಿದೆ. ಬಾಯಂಚಿನ ಹೊಲಿಗೆ ಒಂದು ಕಡೆ ಬಾಯಿ ಬಿಡುತ್ತಿರುವುದಕ್ಕೂ ಕಾರಣ ಇದೇ ಇರಬೇಕು. ಅಸ್ತರು ಸೇರಿಸುವ ಕ್ರಮವನ್ನೂ ದಯವಿಟ್ಟು ಬರೆಯಿರಿ. ಅಸ್ತರಿನಲ್ಲಿ ಕಿಂಡಿ ಬಿಟ್ಟು, ಅದರ ಮೂಲಕ ಇಡೀ ಚೀಲವನ್ನು ಹೊರಗೆಳೆದು ಸೀದಾ ಮಾಡುವ ಕ್ರಮವನ್ನು ನಾನು ಅನುಸರಿಸಿದ್ದೆ, ಬಹಳ ಹೆಣಗಾಡಬೇಕಾಯಿತು.

ಸೂಜಿಮೊನೆ (ಮೈಸೂರು)

ತೆಳುವಾದ ಬಟ್ಟೆಗೆ ಕಿಂಡಿಯ ಕ್ರಮ ಚೆಂದ. ಆದರೆ 10 ಔನ್ಸಿನ ಕ್ಯಾನ್ವಾಸಿಗೆ, ಅದರಲ್ಲಿಯೂ ಮೂರು ಮೀಟರ್ ನವಾರ ಹೊಲಿದ ಚೀಲಕ್ಕೆ, ಏಳೆಂಟು ಇಂಚಿನ ಕಿಂಡಿ ಬಿಟ್ಟರೂ ಎಳೆಯುವಾಗ ಅಸ್ತರಿನ ಹೊಲಿಗೆ ಜಗ್ಗಿಹೋಗುತ್ತದೆ. ಇಂಥ ಚೀಲಕ್ಕೆ ನಾನು ಹೇಳಿಕೊಡುವುದು ಬೇರೆ ಕ್ರಮ. ಹೊರಚೀಲದ ಬಾಯಂಚನ್ನು ಅರ್ಧ ಇಂಚು ಒಳಕ್ಕೆ ಮಡಿಸಿ ಇಸ್ತ್ರಿ ಹಾಕಿ; ಅಸ್ತರಿನ ಬಾಯಂಚನ್ನು ಅಷ್ಟೇ ಅಳತೆಗೆ ಹೊರಕ್ಕೆ, ಅಂದರೆ ಅದರ ಉಲ್ಟಾ ಬದಿಗೆ ಮಡಿಸಿ. ಅಸ್ತರನ್ನು ಉಲ್ಟಾ ಇರುವಂತೆಯೇ ಹೊರಚೀಲದೊಳಗೆ ಇಳಿಸಿ, ಬದಿ ಹೊಲಿಗೆಗಳು ಒಂದರೆದುರು ಒಂದು ಬರುವಂತೆ ಕೂರಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಸುತ್ತಲೂ ಹಿಡಿಸಿ. ಕ್ಯಾನ್ವಾಸಿಗೆ ಗುಂಡುಸೂಜಿ ಚುಚ್ಚಿದರೆ ಅದು ಬಾಗುತ್ತದೆ, ಬಟ್ಟೆಯೂ ಜಾರುತ್ತದೆ. ಅಂಚಿನಿಂದ ಅರೆಕಾಲು ಇಂಚಿಗೆ ಒಂದು ಸಾಲು, ಅದರಿಂದ ಕಾಲು ಇಂಚು ಕೆಳಗೆ ಇನ್ನೊಂದು ಸಾಲು ಹೊಲಿದು, ಕೊನೆಯಲ್ಲಿ ಬಿಟ್ಟಿದ್ದ ನವಾರದ ನಾಲ್ಕು ಬುಡಗಳಿಗೆ ಚೌಕ ಹೊಡೆಯಿರಿ. ಅಸ್ತರಿನ ಸುತ್ತಳತೆ ಅರ್ಧ ಇಂಚು ಕಡಿಮೆ ಇರುವುದರಿಂದ ಬಾಯಂಚಿನ ಹತ್ತಿರದ ಒಂದೆರಡು ಇಂಚಿನಲ್ಲಿ ಮಾತ್ರ ಬದಿ ಹೊಲಿಗೆಯನ್ನು ಅರ್ಧ ಇಂಚಿಗೆ ಸರಿಸಿಕೊಂಡರೆ ಎರಡೂ ಸಮನಾಗಿ ಕೂರುತ್ತವೆ. ಮೂಲೆಯ ಟಾಕಾಗಳನ್ನು ಬಾಯಂಚು ಹೊಲಿಯುವ ಮೊದಲೇ ಹಾಕಿಕೊಳ್ಳಬೇಕು, ಆ ಮೇಲೆ ಕೈ ಹೋಗುವುದಿಲ್ಲ.

ಕೌದಿಮನೆ (ಧಾರವಾಡ)

ತಳ ಗಟ್ಟಿಯಾಗಿ ನಿಲ್ಲಬೇಕೆಂದು ಹಲವರು ಒಳಗೆ ರಟ್ಟು ಇಡುತ್ತಾರೆ; ಮೊದಲ ಒಗೆತದಲ್ಲಿಯೇ ಅದು ಹಿಟ್ಟಾಗುತ್ತದೆ. ಬಿರುಸಾದ ಬಕ್ರಮ್ ಬಟ್ಟೆ ಹಾಕಿದರೂ ನಾಲ್ಕೈದು ಒಗೆತಗಳಿಗೆ ಮೆತ್ತಗಾಗುತ್ತದೆ. ನಮ್ಮ ಮನೆಯಲ್ಲಿ ನಾವು ಮಾಡುವುದು ಕೌದಿಯ ಕೆಲಸ. ಹಳೆಯ ಸೀರೆ, ಧೋತರಗಳ ನಾಲ್ಕೈದು ಪದರಗಳನ್ನು ತಳದ ಅಳತೆಗೆ ಇಟ್ಟು, ಕೈಸೂಜಿಯಿಂದ ಅರ್ಧ ಇಂಚಿಗೊಂದರಂತೆ ಉದ್ದುದ್ದ ಓಟದ ಹೊಲಿಗೆ ಹಾಕಿ, ಕ್ಯಾನ್ವಾಸಿಗೂ ಅಸ್ತರಿಗೂ ನಡುವೆ ಕೂರಿಸುತ್ತೇವೆ. ಸವೆದ ಬಟ್ಟೆಯೇ ಆದರೂ ಹತ್ತಿರ ಹತ್ತಿರದ ಸಾಲುಗಳಿಂದ ಅದು ಹಲಗೆಯಂತೆ ಕೂಡಿಕೊಳ್ಳುತ್ತದೆ, ಒಗೆದಷ್ಟೂ ಬಿಗಿಯಾಗುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೂವು ಕೂರಿಸುತ್ತಾರೆ. ಅಂಚು ಮೊದಲೇ ಬಿಗಿಯಾಗುವುದರಿಂದ ಪದರಗಳು ಹೊರಕ್ಕೆ ಜಾರುವುದಿಲ್ಲ. ತಳದ ತುಂಡಿಗೂ ನಾನು ಇದೇ ಕ್ರಮ ಹಿಡಿದಿದ್ದೇನೆ, ಬಹಳ ಚೆನ್ನಾಗಿ ಕೂರುತ್ತದೆ.

ಅಷ್ಟು ಸಮಯವಿಲ್ಲದವರು ಅಕ್ಕಿ ಬರುವ 25 ಕಿಲೋ ಪ್ಲಾಸ್ಟಿಕ್ ನೆಯ್ಗೆಯ ಚೀಲವನ್ನು ಕತ್ತರಿಸಿ ನಡುವೆ ಇಡಬಹುದು. ಅದು ನೀರಿಗೆ ಹೆದರುವುದಿಲ್ಲ, ಹರಿಯುವುದೂ ಇಲ್ಲ. ಆದರೆ ಅದನ್ನು ಇಟ್ಟ ಮೇಲೆ ತಳಕ್ಕೆ ಬಿಸಿ ಇಸ್ತ್ರಿ ತಾಗಿಸಬಾರದು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ, ಹತ್ತಿಗೆ ಇಡುವ ಇಸ್ತ್ರಿಯ ಬಿಸಿ ಅದಕ್ಕಿಂತ ಹೆಚ್ಚು.

ವಿಷಯಕ್ಕೆ ಹತ್ತಿರದ್ದೇ ಆದ್ದರಿಂದ ಇನ್ನೊಂದು ಮಾತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘದವರು ಧ್ವಜಕ್ಕೆ ಒಂದು ಬಗೆಯ ಖಾದಿಯನ್ನೂ, ಧ್ವಜವನ್ನು ಕಂಬಕ್ಕೆ ಹಿಡಿದಿಡುವ ಅಂಚಿಗೆ ಖಾದಿ ಡಕ್ ಎಂಬ ಇನ್ನೊಂದು ದಪ್ಪ ಬಟ್ಟೆಯನ್ನೂ ಬಳಸುತ್ತಾರೆ. ಗಾಳಿಯ ಜಗ್ಗಾಟವೆಲ್ಲ ಆ ಪಟ್ಟಿಯ ಮೇಲೆಯೇ ಬೀಳುವುದು. ಎಳೆತ ಬೀಳುವ ಜಾಗಕ್ಕೆ ಬೇರೆಯದೇ ಬಟ್ಟೆ ಎಂಬ ಈ ಕ್ರಮವನ್ನು ನೋಡಿದಾಗಿನಿಂದ ನಾನು ಚೀಲದ ಬಾಯಂಚಿಗೂ ಎರಡು ಇಂಚಿನ ಕ್ಯಾನ್ವಾಸ್ ಪಟ್ಟಿಯನ್ನು ಒಳಗಿನಿಂದ ಕೊಡುತ್ತಿದ್ದೇನೆ.

ದೂರದೂರು (ನ್ಯೂಜೆರ್ಸಿ)

ಇಲ್ಲಿ 2022ರ ಮೇ 4ರಿಂದ ದೊಡ್ಡ ದಿನಸಿ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಮಾತ್ರವಲ್ಲ, ಒಮ್ಮೆ ಬಳಸಿ ಎಸೆಯುವ ಕಾಗದದ ಚೀಲವನ್ನೂ ಕೊಡುವಂತಿಲ್ಲ. ಹಾಗಾಗಿ ಅಂಗಡಿಗೆ ಹೋಗುವಾಗ ಚೀಲ ಒಯ್ಯಲೇಬೇಕು. ನಮ್ಮ ಅಮ್ಮ ಊರಿನಲ್ಲಿ ಮಾಡುತ್ತಿದ್ದ ರೂಢಿಯೇ ಇಲ್ಲಿಯೂ ಬಂದಂತಾಗಿದೆ. ನಿಮ್ಮ ಚರ್ಚೆಯನ್ನು ಓದುತ್ತ ಒಂದು ಚೀಲವನ್ನು ಬಾಯಂಚಿನವರೆಗೆ ತಂದಿದ್ದೇನೆ. ನನ್ನದು ಹಗುರವಾದ ವಿದ್ಯುತ್ ಮೆಷಿನ್. ಬದಿ ಹೊಲಿಗೆ ಮತ್ತು ಬಾಯಂಚು ಕೂಡುವ ಜಾಗ ಬಂದ ಕೂಡಲೇ ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ನಿನ ಪಾದ ಓರೆಯಾಗಿ ನಿಂತುಬಿಡುತ್ತದೆ, ಹೊಲಿಗೆ ತಪ್ಪುತ್ತದೆ. ಎರಡು ಸೂಜಿಗಳು ಮುರಿದಿವೆ. ಕತ್ತರಿಕೈ ಅಣ್ಣನವರೇ, ಇದಕ್ಕೆ ದಾರಿಯೇನು?

ಕತ್ತರಿಕೈ (ಹುಬ್ಬಳ್ಳಿ)

ಮೊದಲು ಸೂಜಿಯ ಸಂಖ್ಯೆ ನೋಡಿ. ಪೊಟ್ಟಣದ ಮೇಲೆ 90/14 ಎಂದಿದ್ದರೆ ಸೂಜಿಯ ದಪ್ಪ 0.9 ಮಿಲಿಮೀಟರ್; ಅದು ಅಂಗಿಯ ಬಟ್ಟೆಗೆ ಸರಿ. ಕ್ಯಾನ್ವಾಸಿಗೆ 100/16 ಬೇಕು, ಮಡಿಕೆಗಳು ಕೂಡುವಲ್ಲಿ 110/18 ಆದರೂ ತಪ್ಪಿಲ್ಲ. ತೆಳುವಾದ ಸೂಜಿ ದಪ್ಪ ಪದರದಲ್ಲಿ ಬಾಗುತ್ತದೆ, ಬಾಗಿದಾಗ ಕೆಳಗಿನ ಕೊಕ್ಕೆಗೆ ದಾರದ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತದೆ, ಇನ್ನೂ ಬಾಗಿದರೆ ತಗಡಿಗೆ ತಾಗಿ ಮುರಿಯುತ್ತದೆ.

ಎರಡನೆಯದಾಗಿ, ಆ ದಪ್ಪವನ್ನು ಹೊಲಿಯುವ ಮೊದಲೇ ಇಳಿಸಬೇಕು. ಬದಿ ಹೊಲಿಗೆಯ ಮಾರ್ಜಿನನ್ನು ಒಂದೇ ಕಡೆಗೆ ಮಡಿಸದೆ ಎರಡೂ ಕಡೆ ಬಿಡಿಸಿ ಇಸ್ತ್ರಿ ಹಾಕಿ. ಬಾಯಂಚು ಮಡಿಸುವ ಅರ್ಧ ಇಂಚಿನಲ್ಲಿ ಮಾತ್ರ ಮಾರ್ಜಿನನ್ನು ಓರೆಯಾಗಿ ಕತ್ತರಿಸಿ ತೆಗೆಯಿರಿ. ಆ ಮೇಲೆ ಬಟ್ಟೆಯನ್ನು ಮರದ ಮಣೆಯ ಮೇಲಿಟ್ಟು, ಮೇಲೊಂದು ಬಟ್ಟೆಯ ಚೂರು ಹಾಸಿ, ಸುತ್ತಿಗೆಯಿಂದ ಏಳೆಂಟು ಪೆಟ್ಟು ಹಾಕಿ. ಜೀನ್ಸ್ ಪ್ಯಾಂಟಿನ ಕಾಲು ಮಡಿಸುವಾಗ ನಾವು ಅಂಗಡಿಯಲ್ಲಿ ದಿನವೂ ಮಾಡುತ್ತಿದ್ದದ್ದು ಇದೇ. ನೂಲು ಚಪ್ಪಟೆಯಾಗಿ ಸೂಜಿ ಸಲೀಸಾಗಿ ಇಳಿಯುತ್ತದೆ. ಪಾದ ಓರೆಯಾಗುವುದಕ್ಕೆ ಕಾರಣ ಅದರ ಮುಂಭಾಗ ಗುಡ್ಡ ಹತ್ತಿರುವಾಗ ಹಿಂಭಾಗ ಕೆಳಗಿರುವುದು. ಅಷ್ಟೇ ದಪ್ಪಕ್ಕೆ ಮಡಿಸಿದ ಕ್ಯಾನ್ವಾಸಿನ ಚೂರನ್ನು ಪಾದದ ಹಿಂಭಾಗದ ಅಡಿಗೆ ಕೊಟ್ಟರೆ ಪಾದ ಸಮತಲವಾಗುತ್ತದೆ. ಆ ನಾಲ್ಕಾರು ಹೊಲಿಗೆಗಳನ್ನು ಮೋಟಾರಿನಿಂದ ಹೊಡೆಯದೆ ಬಲಗೈಯಿಂದ ಚಕ್ರ ತಿರುಗಿಸಿ ಒಂದೊಂದಾಗಿ ಇಳಿಸಿ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ, ನಿಮ್ಮ ಎರಡು ಸೂಜಿಗಳು ಮುರಿದದ್ದಕ್ಕೆ ಅದೂ ಕಾರಣವಾಗಿರಬಹುದು.

ದೂರದೂರು (ನ್ಯೂಜೆರ್ಸಿ)

16ರ ಸೂಜಿ ಹಾಕಿ, ಸುತ್ತಿಗೆಯ ಪೆಟ್ಟು ಕೊಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಿದೆ. ನಾಲ್ಕೂ ಬುಡಗಳ ಚೌಕ ಒಂದು ಹೊಲಿಗೆಯೂ ತಪ್ಪದೆ ಮುಗಿಯಿತು. ತುಂಬಾ ಧನ್ಯವಾದಗಳು ಅಣ್ಣ.

ನೂಲೆಳೆ (ದಾವಣಗೆರೆ)

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ ಕ್ರಮದಲ್ಲಿಯೇ ಚೀಲ ಹೊಲಿದು, ಅದನ್ನು ಆರು ಸಲ ಮಾರುಕಟ್ಟೆಗೆ ಒಯ್ದಿದ್ದೇನೆ. ಒಂದು ಮೀಟರ್ ಕ್ಯಾನ್ವಾಸನ್ನು ಬಿಸಿನೀರಿನಲ್ಲಿ ನೆನೆಸುವ ಮೊದಲೂ ನಂತರವೂ ಅಳೆದೆ. 39 ಇಂಚಿನ ಮೇಲಿದ್ದದ್ದು 37½ಕ್ಕೆ ಇಳಿದಿತ್ತು. ನೆನೆಸದೆ ಹೊಲಿದಿದ್ದರೆ ಆ ಕೊರತೆಯೆಲ್ಲ ಚೀಲದ ಎತ್ತರದಲ್ಲಿ ಕಾಣುತ್ತಿತ್ತು. ತಳಕ್ಕೆ ಕೌದಿಮನೆಯವರು ಹೇಳಿದಂತೆ ಅತ್ತೆಯವರ ಎರಡು ಹಳೆಯ ಸೀರೆಗಳ ಪದರಗಳನ್ನು ಹಾಕಿದೆ. ಓಟದ ಹೊಲಿಗೆಯನ್ನು ಅತ್ತೆಯವರೇ ಕುಳಿತು ಎರಡು ಮಧ್ಯಾಹ್ನಗಳಲ್ಲಿ ಹಾಕಿಕೊಟ್ಟರು.

ಹೊಲಿಯುವಾಗ ಒಂದು ಕಡೆ ಮಾತ್ರ ತಡವರಿಸಿದೆ. ನವಾರದ ಹೊಲಿಗೆಯನ್ನು ಬಾಯಂಚಿನಿಂದ ಎರಡು ಇಂಚು ಕೆಳಗೆ ನಿಲ್ಲಿಸಬೇಕೆಂಬುದನ್ನು ಒಂದು ಸಾಲಿನಲ್ಲಿ ಮರೆತು ಮೇಲಿನವರೆಗೂ ಹೊಲಿದುಬಿಟ್ಟಿದ್ದೆ. ಬಾಯಂಚು ಮಡಿಸಲು ಹೋದಾಗ ಗೊತ್ತಾಗಿ ಬಿಚ್ಚಿದೆ. ಬಿಚ್ಚಿದ ಜಾಗದ ತೂತುಗಳನ್ನು ನೀರು ಚಿಮುಕಿಸಿ ಉಗುರಿನಿಂದ ಉಜ್ಜಿದಾಗ ನೂಲುಗಳು ಬಹುಮಟ್ಟಿಗೆ ಕೂಡಿಕೊಂಡವು. ಮೂರು ಮಿಲಿಮೀಟರಿನ ಹೊಲಿಗೆಯಾದ್ದರಿಂದ ಬಿಚ್ಚುವುದೂ ಸುಲಭವಾಯಿತು.

ನಿನ್ನೆ ಬೇಕೆಂದೇ 10 ಕಿಲೋ ಅಕ್ಕಿ ಇಟ್ಟು, ಒಂದೇ ಹಿಡಿಕೆಯಲ್ಲಿ ಹಿಡಿದು ಮಹಡಿಯವರೆಗೆ ಹತ್ತಿ ಇಳಿದೆ. ನಂತರ ಬುಡಗಳನ್ನು ಬೆಳಕಿಗೆ ಹಿಡಿದು ನೋಡಿದರೆ ತೂತುಗಳು ಅಗಲವಾಗಿಲ್ಲ, ಬಾಯಂಚು ಸುಕ್ಕುಗಟ್ಟಿಲ್ಲ, ಅಸ್ತರಿನ ತಳ ಕ್ಯಾನ್ವಾಸಿಗೆ ಅಂಟಿದಂತೆ ಕುಳಿತಿದೆ. ಹೆಗಲಿಗೆಂದು ಬಿಟ್ಟ 24 ಇಂಚಿನ ಹಿಡಿಕೆ ಮಾತ್ರ ಅತ್ತೆಯವರಿಗೆ ಉದ್ದವಾಯಿತು. ಕೈಯಲ್ಲಿ ಹಿಡಿದಾಗ ತಳ ನೆಲಕ್ಕೆ ತಾಗುತ್ತದೆ ಎಂದರು. ಒಂದು ಮೀಟರಿನಲ್ಲಿ ಉಳಿದ ಇನ್ನೊಂದು ತುಂಡಿನಿಂದ ಅವರಿಗೆ 13 ಇಂಚಿನ ಹಿಡಿಕೆಯ ಚೀಲ ಹೊಲಿಯುತ್ತಿದ್ದೇನೆ. ಅದಕ್ಕೆ ಬೇಕಾದ ನವಾರವನ್ನು ಇಂದು ಬೆಳಿಗ್ಗೆ ನೀರಿಗೆ ಹಾಕಿದ್ದೇನೆ.